ಗಾಳಿಗೆ ಗೇಟ್‌ಪಾಸ್

ಜಟ್ಟೆಪ್ಪನಿಗೆ ತಲೆ ಕೆಟ್ಟದ್ದು ಬಿಸಿಲಿಗಲ್ಲ, ಗೇಟಿಗೆ. ಕಲ್ಯಾಣದಿಂದ ಟೆಂಪೋದಲ್ಲಿ ತಂದ ನೈಟ್ರೋಜನ್ ಸಿಲಿಂಡರನ್ನು ಕೈಗಾಡಿಗೆ ಇಳಿಸಿ ಒಂದು ತಾಸಾಗಿತ್ತು. ಸಾನಪಾಡಾದ ಆ ಪ್ರಯೋಗಾಲಯದ ಕಾವಲುಗಾರ ಹುಲಗಪ್ಪ ರಾಯಚೂರಿನವ. ಊರು ಕೇರಿ ಎಲ್ಲ ವಿಚಾರಿಸಿದ, ತಂಬಾಕೂ ಕೊಟ್ಟ. ಒಳಗೆ ಮಾತ್ರ ಬಿಡಲೊಲ್ಲ.

“ಗ್ಯಾಸ್ ಅಂತ ಬರದೈತಲ್ಲೋ ತಮ್ಮಾ. ಪಾಸ್ ಬೇಕು. ಸಹಿ ಮಾಡೋ ಸಾಹೇಬ್ರು ಘೋಡಬಂದರ್ ರೋಡಿನ ಟ್ರಾಫಿಕ್‌ನ್ಯಾಗ ಸಿಕ್ಕೊಂಡಾರ.”

“ಇದು ಹೊತ್ತೋ ಗ್ಯಾಸ್ ಅಲ್ಲೋ ಯಣ್ಣಾ! ನೀ ತಿನ್ನೋ ವೇಫರ್ ಪಾಕೀಟು ಉಬ್ಬಿರ್ತದಲ್ಲ, ಅದ್ರಾಗ ಇರೋದು ಇದ. ಎರಡು ವರ್ಷ ಆ ಫ್ಯಾಕ್ಟರ್ಯಾಗ ದುಡದೀನಿ.”

“ಹಂಗಾರ ಪಾಕೀಟಿನ್ಯಾಗ ತುಂಬ್ಕೊಂಡು ಬಾ, ಬಿಡ್ತೀನಿ.”

ಅಷ್ಟರಲ್ಲಿ ಮೂರನೇ ಮಹಡಿಯಿಂದ ರಮಿತಾ ಓಡಿ ಬಂದಳು. ಸಂಶೋಧನೆ ಮಾಡುವ ಹುಡುಗಿ, ಡೊಂಬಿವಲಿಯವಳು, ಮನೆಯಲ್ಲಿ ತುಳು.

“ಎಂತ ಮಾರಾಯ್ರೆ, ಇನ್ನೂ ಇಲ್ಲೇ ಇದ್ದೀರಾ? ಮೇಲಿನ ಸಿಲಿಂಡರ್ ಇನ್ನು ಹತ್ತು ನಿಮಿಷ ಬಂದರೆ ಹೆಚ್ಚು. ಮತ್ತೆ ನನ್ನ ಮೂರು ತಿಂಗಳ ಕೆಲಸ ಢಮಾರ್!”

ಅವಳ ಕೆಲಸವೆಂದರೆ ಹೆಬ್ಬೆರಳಗಲದ ಗಾಜಿನ ಮೇಲೆ ಪ್ಲಾಸ್ಟಿಕ್ ಜಾತಿಯ ಶಾಯಿ ಬಳಿದು ಮಾಡಿದ ಸೌರಕೋಶಗಳು. ಶಾಯಿಗೆ ಕೂದಲಿಗಿಂತ ಹತ್ತಾರು ಸಾವಿರ ಪಟ್ಟು ಸಪೂರವಾದ ಇಂಗಾಲದ ನಳಿಗೆಗಳನ್ನು ಬೆರೆಸಿದ್ದಳು. ಬಿಸಿಲಿನಿಂದ ಹುಟ್ಟಿದ ಕರೆಂಟು ಆ ನಳಿಗೆಗಳ ದಾರಿ ಹಿಡಿದು ಸಲೀಸಾಗಿ ಓಡಲಿ ಅಂತ. ಈ ಸಲ ಓಡಿತ್ತು ಕೂಡ. ಆದರೆ ಮೇಲೆ ಅಂಟಿಸಿದ ಮುಚ್ಚಳದ ಗೋಂದು ಗಟ್ಟಿಯಾಗಲು ಮೂರು ತಾಸು ಬೇಕು. ಅಲ್ಲಿಯವರೆಗೆ ಅವು ಹರಿಯುವ ನೈಟ್ರೋಜನ್‌ನಲ್ಲೇ ಇರಬೇಕು. ಅದಕ್ಕೂ ಮೊದಲು ಹೊರಗಿನ ಗಾಳಿ ತಾಗಿತೋ, ಕೆಟ್ಟವೆಂದೇ ಲೆಕ್ಕ.

ಹುಲಗಪ್ಪ ರಜಿಸ್ಟರನ್ನು ಎದೆಗೆ ಅವಚಿಕೊಂಡ. “ನನ್ನ ನೌಕರಿ ಹೋಗ್ತೈತಿ, ಮೇಡಂ.”

ಜಟ್ಟೆಪ್ಪ ತಂಬಾಕು ಉಗುಳಿ ಬಂದ. “ಅಕ್ಕಾರ, ಸಿಲಿಂಡರ್ ಒಳಗ ಬರಂಗಿಲ್ಲಂದ್ರ ನಿಮ್ಮ ಸಾಮಾನು ಗೇಟಿಗೆ ಬರಂಗಿಲ್ಲೇನು? ಗಾಳಿ ತಾಗದಂಥ ಡಬ್ಬಿ ಇಲ್ಲೇನು ನಿಮ್ಮಲ್ಲಿ?”

“ಉಂಟು ಮಾರಾಯ್ರೆ!” ಎಂದು ರಮಿತಾ ತಿರುಗಿದಳು. ಚಪ್ಪಲಿ ಬಡಿಯುತ್ತ ಮೆಟ್ಟಿಲು ಹತ್ತಿದಳು. ಇಳಿದು ಬಂದಾಗ ಕೈಯಲ್ಲಿ ಎರಡು ನಳಿಕೆಗಳಿದ್ದ, ಬಿಗಿಯಾಗಿ ಮುಚ್ಚಿದ ಗಾಜಿನ ಡಬ್ಬಿ, ಅದರೊಳಗೆ ಸೌರಕೋಶಗಳು, ಹೆಗಲಿಗೆ ಪೈಪು.

“ಸಾಮಾನು ಹೊರಗ ಒಯ್ಯಾಕೂ ಪಾಸ್ ಬೇಕು!” ಹುಲಗಪ್ಪ ಕೈ ಅಡ್ಡ ಹಿಡಿದ.

“ಯಾವನು ಒಯ್ತಾನೋ?” ಜಟ್ಟೆಪ್ಪ ರೇಗಿದ. ಹುಲಗಪ್ಪನ ಸ್ಟೂಲನ್ನೇ ಎಳೆದು ಗೇಟಿನ ಒಳಮಗ್ಗುಲಲ್ಲಿ ಇಟ್ಟ, ಅದರ ಮೇಲೆ ಡಬ್ಬಿ. ಸಿಲಿಂಡರ್ ಹೊರಗೇ ನಿಂತಿತು. ನಡುವೆ ಗೇಟಿನ ಅಡಿಯಿಂದ ಪೈಪು. “ಈಗ ಹೇಳು. ಏನು ಒಳಗ ಬಂತು, ಏನು ಹೊರಗ ಹೋತು?”

ಹುಲಗಪ್ಪ ರಜಿಸ್ಟರ್ ತಿರುವಿದ. ಬೆರಳಿಗೆ ಎಂಜಲು ಹಚ್ಚಿಕೊಂಡು ಇನ್ನೊಮ್ಮೆ ತಿರುವಿದ. ಗಾಳಿ ಬರೆಯಲು ಅದರಲ್ಲಿ ಜಾಗವಿರಲಿಲ್ಲ.

ರಮಿತಾ ಸಿಲಿಂಡರಿನ ಕೀಲಿ ತಿರುಗಿಸಿದಳು. ಒಂದು ನಳಿಕೆಯಲ್ಲಿ ನೈಟ್ರೋಜನ್ ಒಳಹೊಕ್ಕು ಇನ್ನೊಂದರಲ್ಲಿ ಸಣ್ಣಗೆ ಸುಯ್ಯೆಂದಿತು. “ಅಯ್ಯೋ, ಬಿಸಿಲು! ಗೋಂದು ಒಣಗುವವರೆಗೆ ಬಿಸಿಲೂ ತಾಗಬಾರದು!”

“ಬಿಸಿಲು ತಿನ್ನೋ ವಸ್ತುವಿಗೆ ಬಿಸಿಲು ಆಗಂಗಿಲ್ಲಂತ,” ಎಂದು ಗೊಣಗುತ್ತ ಹುಲಗಪ್ಪ ತನ್ನ ಕೊಡೆ ತಂದು ಬಿಚ್ಚಿ ಹಿಡಿದ.

ಎರಡು ತಾಸಿನ ಮೇಲೆ ಜಟ್ಟೆಪ್ಪನ ಮಾಲೀಕ ಫೋನಿನಲ್ಲಿ ಕೂಗಾಡಿದ. ಸಿಲಿಂಡರ್ ಒಳಗೆ ಹೋಯಿತೋ ಇಲ್ಲವೋ?

“ಸಿಲಿಂಡರ್ ಹೊರಗ ಐತ್ರೀ,” ಅಂದ ಜಟ್ಟೆಪ್ಪ, ಪೈಪನ್ನು ಕಾಲಿನಿಂದ ಅಲುಗದಂತೆ ಒತ್ತಿ. “ಅದ್ರಾಗಿಂದು ಒಳಗ ಹೋಗೇತಿ. ಇನ್ನೊಂದು ತಾಸು ಬರಂಗಿಲ್ಲ, ನಾ.”