ಎಡದಿಂದ ಎರಡನೆಯವಳು

“ಈಗ ಬರ್ತೀನಿ ನೋಡಿ. ಕಣ್ಣು ಮಿಟುಕಿಸ್ಬೇಡಿ, ತಪ್ಪಿಹೋಗ್ಬಿಡ್ತೀನಿ,” ಎಂದಳು ಹೆಂಡತಿ.

ಊಟದ ಮೇಜಿನ ಮೇಲೆ ನೀರಿನ ಜಗ್ಗಿಗೆ ಒರಗಿಸಿದ್ದ ಫೋನಿನ ಮುಂದೆ ಮೂರು ತಲೆಗಳು ಅಂಟಿಕೊಂಡಿದ್ದವು. ನಡುವಿನದು ಅವಳದು. ಆ ಕಡೆ ಅವಳ ಅಕ್ಕ, ಈ ಕಡೆ ಅಕ್ಕನ ಮಗಳು. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಗಂಡನಿಗೆ ಫೋನು ಕಾಣುತ್ತಿರಲಿಲ್ಲ, ಹಾಡು ಮಾತ್ರ ಕೇಳುತ್ತಿತ್ತು. ಕೇಳಿದರೆ ಸಾಕು, ತಾಳದ ಯಾವ ಪೆಟ್ಟಿಗೆ ಯಾವ ಚಿತ್ರ ಎಂಬುದು ಅವನಿಗೆ ಬಾಯಿಪಾಠ. ಈ ಹಾಡಿನ ವಿಡಿಯೋ ಜೋಡಿಸಿದವನೇ ಅವನು. ಆಗ ಅವನ ಮೀಸೆ ಬಣ್ಣ ಹಚ್ಚದೆಯೂ ಕಪ್ಪಗಿತ್ತು. ಕಸುಬಿನವರು ಅವನನ್ನು ಕತ್ತರಿ ಎಂದು ಕರೆಯುತ್ತಿದ್ದರು. ಮದುವೆಯಾದ ಮೇಲೆ ಹೆಂಡತಿಯ ಕಡೆಯವರೂ ಅದನ್ನೇ ಹಿಡಿದುಕೊಂಡರು.

ಕತ್ತರಿ ಈ ಕಸುಬಿಗೆ ಬಂದಾಗ ಹಾಡಿನ ವಿಡಿಯೋ ಎಂದರೆ ಮೈಕಿನ ಮುಂದೆ ಕಂಬದಂತೆ ನಿಂತ ಒಬ್ಬ ಗಾಯಕ, ಪಕ್ಕದಲ್ಲೊಂದು ಹೂಕುಂಡ. ಇಬ್ಬರಲ್ಲಿ ಹೂಕುಂಡದ ಅಭಿನಯವೇ ವಾಸಿ. ಆಮೇಲೆ ಹೊಗೆಯಂತ್ರ ಬಂತು. ಗಾಯಕ ಹಾಡುತ್ತಿದ್ದಾನೋ ಹೊಗೆ ಹಾಕಿಸಿಕೊಂಡಿದ್ದಾನೋ ತಿಳಿಯದಂತಾಯಿತು. ಹೊಗೆ ಹೋಗಿ ಫ್ಯಾನು ಬಂತು, ಎಲ್ಲರ ಕೂದಲೂ ಒಂದೇ ದಿಕ್ಕಿಗೆ ಹಾರಿತು. ಹಗಲಿರುಳೂ ಹಾಡೇ ಹಾಕುವ ಚಾನೆಲ್ಲುಗಳು ಬಂದಾಗ, ಒಂದು ಚಿತ್ರ ಕಣ್ಣಲ್ಲಿ ಕೂರುವ ಮೊದಲೇ ಇನ್ನೊಂದು ಬಂದು ಅದನ್ನು ಎಬ್ಬಿಸಬೇಕಿತ್ತು. ಕತ್ತರಿಗೆ ಊಟಕ್ಕೂ ಬಿಡುವಿರಲಿಲ್ಲ. ಈಗ ಫೋನಿನ ಕಾಲ. ಅಡ್ಡಕ್ಕೆ ಮಲಗಿದ್ದ ಹಾಡು ಉದ್ದಕ್ಕೆ ಎದ್ದು ನಿಂತಿದೆ, ಉದ್ದವಿದ್ದ ಹಾಡು ಗಿಡ್ಡವಾಗಿದೆ.

ಫ್ಯಾನಿನ ಕಾಲದ ಹಾಡು ಇದು. ಗಾಯಕನ ಹಿಂದೆ ಹಳದಿ ಫ್ರಾಕು ತೊಟ್ಟ ಹುಡುಗಿಯರ ಒಂದು ಸಾಲು. ಟೇಪು ಬಂದ ದಿನ ಎಡಿಟಿಂಗ್ ಕೋಣೆಯ ಪುಟ್ಟ ಪರದೆಯಲ್ಲಿ ಅವನು ಆ ಸಾಲಿನ ಎಡದಿಂದ ಎರಡನೆಯವಳನ್ನು ನೋಡಿದ್ದ. ಎರಡನೇ ಚರಣ ಮುಗಿಯುವಲ್ಲಿ ಎಲ್ಲರೂ ಗಿರಕಿ ಹೊಡೆದಾಗ ಅವಳ ಬೂಟು ಜಾರಿ, ಬೀಳದೆ ಉಳಿದದ್ದಕ್ಕೆ ಅವಳಿಗೇ ನಗು ಬಂದಿತ್ತು. “ಆ ಎಡವಟ್ಟು ತೆಗಿ,” ಎಂದಿದ್ದರು ನಿರ್ದೇಶಕರು. ಕತ್ತರಿ ತೆಗೆಯಲಿಲ್ಲ. ಆ ನಗುವಿನ ಹಿಂದೆ ಬಿದ್ದು, ವಿಳಾಸ ಹುಡುಕಿ, ಮದುವೆಯೂ ಆದ.

ಅವಳು ಕ್ಯಾಮೆರಾದ ಮುಂದೆ ಕುಣಿದದ್ದು ಅದೊಂದೇ ಸಲ. ಮಗಳು ಟಿವಿಯಲ್ಲಿ ಕಂಡಳೆಂದು ಅವಳಪ್ಪ ಕುಣಿತ ಬಿಡಿಸಿ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲಿಸಿದರು. ಇವತ್ತಿಗೂ ಅಲ್ಲೇ ನಿಂತಿದ್ದಾಳೆ. ಹಾಡು ಬರುತ್ತಿದ್ದ ಚಾನೆಲ್ಲು ಮುಚ್ಚಿತು, ಮನೆಯಲ್ಲಿದ್ದ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು. ಅಕ್ಕ ಆಗ ಗಂಡನ ಜೊತೆ ದೂರದ ಊರಲ್ಲಿದ್ದವಳು, ಒಮ್ಮೆಯೂ ನೋಡಿರಲಿಲ್ಲ. “ನೀನು ಕುಣಿದಿದ್ದು ದೇವರಿಗೂ ನಿನ್ನ ಗಂಡನಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ ಬಿಡೇ,” ಎಂದು ಸಿಕ್ಕಾಗಲೆಲ್ಲ ಕಿಚಾಯಿಸುತ್ತಿದ್ದಳು. ಹಾಗಾಗಿ, ಹಾಡಿನ ಕಂಪನಿ ಹಳೆಯ ಟೇಪು ತೊಳೆದು, ಚಿತ್ರ ತಿಳಿಮಾಡಿ, ಫೋನಿಗಾಗಿ ಮತ್ತೆ ಬಿಡುತ್ತಿದೆ ಎಂದು ಕತ್ತರಿ ಹೇಳಿದಾಗ ಅವಳು ಮೊದಲು ಮಾಡಿದ ಕೆಲಸ ಅಕ್ಕನನ್ನು ಚಹಾಕ್ಕೆ ಕರೆದದ್ದು.

“ಎಲ್ಲಿದೀರಾ ಚಿಕ್ಕಮ್ಮ? ಬರೀ ಇವನೇ ಇದಾನೆ,” ಎಂದಳು ಅಕ್ಕನ ಮಗಳು.

“ಇದು ಪಲ್ಲವಿ ಕಣೇ. ಅವನ ಮುಖ ತೋರಿಸ್ಲೇಬೇಕಲ್ಲ. ಚರಣದಲ್ಲಿ ನಾವು.”

ಚರಣ ಬಂತು. ಕತ್ತರಿ ಚಹಾ ಇಟ್ಟು, ಅವರ ತಲೆಗಳ ಮೇಲಿಂದ ಬಗ್ಗಿ ನೋಡಿದ. ಉದ್ದನೆಯ ಪರದೆಯ ನಟ್ಟನಡುವೆ ಗಾಯಕ ಮೊಳೆ ಹೊಡೆದಂತೆ ನಿಂತಿದ್ದ. ಅವನು ಎಡಕ್ಕೆ ಹೋದರೆ ಚಿತ್ರ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಹಿಂದೆ ಹಳದಿಯದೊಂದು ಅಂಚು ಆಗಾಗ ಮಿಂಚಿ ಮರೆಯಾಗುತ್ತಿತ್ತು. ಎರಡನೇ ಚರಣ ಮುಗಿಯುವಲ್ಲಿ ಗಿರಕಿಯ ಪೆಟ್ಟು ಬಿತ್ತು. ಎಡ ಅಂಚಿನಿಂದ ಒಂದು ಮೊಣಕೈ ಒಳಬಂತು, ಹೊರಹೋಯಿತು.

“ಚಿಕ್ಕಮ್ಮ, ಆ ಮೊಣಕೈ ನಿಮ್ದಾ?”

ಅಕ್ಕ ನಕ್ಕುಬಿಟ್ಟಳು. “ಒಳ್ಳೆ ಮೊಣಕೈ ಕಣೇ. ನಿನ್ನ ಮುಖಕ್ಕಿಂತ ಲಕ್ಷಣವಾಗಿದೆ.”

ಹೆಂಡತಿಯೂ ನಕ್ಕಳು. ನಗುತ್ತಲೇ ಬೆರಳಿಂದ ಹಾಡನ್ನು ಹಿಂದಕ್ಕೆ ಎಳೆದು ಮತ್ತೆ ನೋಡಿದಳು. ಮತ್ತೆ ಮೊಣಕೈ. ಇನ್ನೊಮ್ಮೆ ಎಳೆದಳು. ಆಮೇಲೆ ತಲೆಯೆತ್ತಿ ಗಂಡನ ಕಡೆ ನೋಡಿದಳು. ಬೈಗುಳದ ನೋಟವಲ್ಲ; ಬೇರೆ ಎಲ್ಲಾದರೂ ಇದ್ದೀನಾ ಎಂದು ಕೇಳುವ ನೋಟ.

ಕತ್ತರಿಯ ಕಿವಿ ಬಿಸಿಯಾಯಿತು. ಕಂಪನಿಯಿಂದ ಟೇಪು ಬಂದದ್ದು ಅವನ ಕೈಗೇ. ಅಗಲದ ಚಿತ್ರವನ್ನು ಉದ್ದಕ್ಕೆ ಇಳಿಸುವಾಗ ಎರಡೂ ಬದಿ ಕೊಯ್ಯಬೇಕು. ಪ್ರತಿ ಚಿತ್ರದಲ್ಲೂ ಏನಿರಬೇಕು, ಏನು ಹೋಗಬೇಕು ಎಂದು ಕೂತು ಆರಿಸಬೇಕು. ಹೊಸ ಯಂತ್ರಕ್ಕೆ ಆ ತೊಂದರೆಯಿಲ್ಲ. ಒಂದು ಗುಂಡಿ ಒತ್ತಿದರೆ ಅದು ದೊಡ್ಡದಾಗಿ ಕಂಡ ಮುಖವನ್ನು ಹಿಡಿದು ತಾನೇ ಹಿಂಬಾಲಿಸುತ್ತದೆ. ಗುಂಡಿ ಒತ್ತುವುದನ್ನೇ ಕಸುಬು ಅಂದುಕೊಂಡವರೆಂದು ಹೊಸ ಹುಡುಗರನ್ನು ಆಡಿಕೊಳ್ಳುತ್ತಿದ್ದವನು ಅಂದು ತಾನೂ ಒತ್ತಿದ. ಒತ್ತಿ ಊಟಕ್ಕೆ ಎದ್ದ. ಬಂದು ಶುರು ಮತ್ತು ಕೊನೆಗಳ ಮೇಲೆ ಮಾತ್ರ ಕಣ್ಣಾಡಿಸಿ ಕಳಿಸಿಬಿಟ್ಟ. ನಡುವಿನದನ್ನು ನೋಡುವುದೇನಿದೆ, ಎಲ್ಲ ಗೊತ್ತಿರುವುದೇ ಎಂದುಕೊಂಡಿದ್ದ.

“ಕಂಪನಿಯವ್ರು ಕೊಯ್ದುಬಿಟ್ಟಿದಾರೆ,” ಎಂದ ಕತ್ತರಿ. ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಅಚ್ಚರಿಯಾಯಿತು. “ಈಗಿನವ್ರಿಗೆ ಹಿಂದಿನ ಸಾಲು ಅಂದ್ರೆ ಲೆಕ್ಕಕ್ಕೇ ಇಲ್ಲ.”

“ನೋಡಕ್ಕಾ, ಇವರೇನ್ ಮಾಡ್ತಾರೆ ಪಾಪ,” ಎಂದಳು ಹೆಂಡತಿ. “ಇವರ ಕೈಲಿದ್ದಿದ್ರೆ ಬಿಡ್ತಿದ್ರಾ? ಅವಾಗ್ಲೇ ಬಿಟ್ಟಿರ್ಲಿಲ್ಲ. ನಿರ್ದೇಶಕರಿಗೇ ಎದುರು ಮಾತಾಡಿ ಇಟ್ಕೊಂಡಿದ್ರು ನನ್ನ.”

“ಹಾಗಾದ್ರೆ ಫೋನ್ ಮಾಡಿ ಜಾಡಿಸಿ ಕತ್ತರಿಯವ್ರೇ. ನಮ್ಮ ಹುಡುಗೀನ ಹೀಗೆ ಮಾಡೋದಾ?” ಎಂದಳು ಅಕ್ಕ. ಈಗ ಅವಳ ದನಿಯಲ್ಲಿ ಕೀಟಲೆಯಿರಲಿಲ್ಲ.

“ಮಾಡ್ತೀನಿ, ಮಾಡ್ತೀನಿ.”

ಹೀಗೆ ಮಾತಾಡುತ್ತಿರುವಾಗ ಫೋನಿನಲ್ಲಿ ಹಾಡು ಯಾರ ಹಂಗೂ ಇಲ್ಲದೆ ಕೊನೆ ಮುಟ್ಟಿತು. ಗಾಯಕ ಮಸುಕಾದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು. ಅದಕ್ಕಾಗಿ ಕತ್ತರಿ ಕಂಪನಿಯವರ ಜೊತೆ ಜಗಳವಾಡಿದ್ದ. ಹಿಂದೆ ಹೇಗೂ ಹಾಕಲಿಲ್ಲ, ಈಗಲಾದರೂ ನನ್ನ ಹೆಸರು ಹಾಕಿ, ಬೇರೆಯವರ ಜೊತೆ ಬೇಡ, ಅದೊಂದನ್ನೇ ಹಾಕಿ ಎಂದಿದ್ದ. ಹಾಕಿದ್ದರು.

“ಫೋನಿಗೆ ಹೊಂದಿಸಿ ಕತ್ತರಿಸಿದವರು…” ಎಂದು ಓದಿದ ಅಕ್ಕನ ಮಗಳು ಹೆಸರಿನ ಹತ್ತಿರ ನಿಂತಳು. “ಇದು ನಿಮ್ಮ ಹೆಸ್ರಲ್ವಾ ಚಿಕ್ಕಪ್ಪ?”

ಅಕ್ಕ ತಣ್ಣಗಾದ ಚಹಾ ಎತ್ತಿ ಒಂದೇ ಗುಟುಕಿಗೆ ಕುಡಿದಳು. ಕತ್ತರಿ ಮೇಜಿನ ಮೇಲಿಲ್ಲದ ಸಕ್ಕರೆಯನ್ನು ಕೈಯಿಂದ ಒರೆಸಿದ.

“ಅಷ್ಟು ಸಣ್ಣದ್ರಲ್ಲಿ ಎಲ್ಲಾರ್ನೂ ಹಿಡಿಸೋಕಾಗುತ್ತಾ,” ಎಂದಳು ಹೆಂಡತಿ, ಫೋನನ್ನು ಕವುಚಿ ಹಾಕಿ. “ಅಕ್ಕ, ಬಿಸ್ಕತ್ತು ತಗೋ. ನೀನು ತಗೊಳ್ಳೇ ಇಲ್ಲ.”

ಅವರು ಹೊರಟಾಗ ಬಾಗಿಲವರೆಗೂ ಹೋದದ್ದು ಅವಳೇ. ಅಕ್ಕ ತಂಗಿಯ ಬೆನ್ನು ಸವರಿದ್ದನ್ನು ಕತ್ತರಿ ಒಳಗಿನಿಂದ ಕಂಡ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು. ಹೆಂಡತಿ ಕಪ್ಪುಗಳನ್ನು ತೊಟ್ಟಿಗೆ ಹಾಕಿ ನಲ್ಲಿ ತಿರುಗಿಸಿದಳು. ಅವನು ಹಿಂದೆ ಹೋಗಿ ನಿಂತ.

“ಬೇಕೂಂತ ಬಿಟ್ಟಿದ್ದಲ್ಲ. ಯಂತ್ರಕ್ಕೆ ಬಿಟ್ಟೆ. ನಾನು ನೋಡ್ಲೇ ಇಲ್ಲ.”

“ನೋಡಿ ಬಿಟ್ಟಿದ್ರೆ ಒಂದು ಮಾತು,” ಎಂದಳು ಅವಳು ಕಪ್ಪು ಉಜ್ಜುತ್ತ. “ನೋಡ್ಲೇ ಇಲ್ಲ ಅಂತೀರಲ್ರೀ.”

ಅವನು ಕೋಣೆಗೆ ಹೋಗಿ ಯಂತ್ರ ಹಚ್ಚಿದ. ತೊಳೆದ ಟೇಪಿನ ಅಗಲದ ಚಿತ್ರವನ್ನು ತೆರೆದು ಗಿರಕಿಯವರೆಗೆ ಓಡಿಸಿ ನಿಲ್ಲಿಸಿದ. ಹಳದಿ ಸಾಲು ಪೂರ್ತಿ ಪರದೆಗೆ ಬಂತು. ಎಡದಿಂದ ಎರಡನೆಯವಳ ಒಂದು ಕಾಲು ಜಾರಿತ್ತು, ಬಾಯಿ ನಗುವಿಗೆ ತೆರೆದಿತ್ತು. ಹೆಂಡತಿಯನ್ನು ಕರೆದ. ಅವಳು ಬರಲಿಲ್ಲ. ಮತ್ತೆ ಕರೆಯುವ ಧೈರ್ಯ ಅವನಿಗಿರಲಿಲ್ಲ. ನಲ್ಲಿ ನಿಂತ ಸ್ವಲ್ಪ ಹೊತ್ತಿಗೆ ಅವಳು ತಾನಾಗಿಯೇ ಬಂದು ಕುರ್ಚಿಯ ಹಿಂದೆ ನಿಂತಳು.

“ಬೆಳಿಗ್ಗೆ ಎದ್ದವನೇ ಫೋನ್ ಮಾಡಿ ಎಲ್ಲ ವಾಪಸ್ ತೆಗೆಸ್ತೀನಿ. ಕೂತು ಕೈಯಲ್ಲೇ ಮಾಡ್ತೀನಿ. ನೀನು ಪೂರ್ತಿ ಬರ್ತೀಯ,” ಎಂದ ಕತ್ತರಿ.

ಅವಳು ಪರದೆಯಲ್ಲಿದ್ದ ತನ್ನನ್ನು ನೋಡುತ್ತಿರಲಿಲ್ಲ. ಬಗ್ಗಿ, ಒದ್ದೆ ಬೆರಳನ್ನು ಸಾಲಿನ ಬಲತುದಿಯಲ್ಲಿದ್ದ ಹುಡುಗಿಯ ಮುಖದ ಮೇಲಿಟ್ಟಳು. “ಇವಳಿಗೆ ಅವಳಿ ಮಕ್ಕಳು. ನೋಡ್ರೋ ಅಂತ ಕೂರಿಸ್ಕೊಂಡಿರ್ತಾಳೆ ಇವತ್ತು.” ಬೆರಳು ಪಕ್ಕಕ್ಕೆ ಸರಿಯಿತು. “ಇವಳು ಎಲ್ಲಿದಾಳೋ. ಬೂಟು ಕಚ್ಚುತ್ತೆ ಅಂತ ಅಳ್ತಿದ್ಲು.” ಇನ್ನೂ ಪಕ್ಕಕ್ಕೆ. “ಇವಳ ಹೆಸರೂ ಮರ್ತುಹೋಯ್ತು.”

ಸಾಲಿನ ಕೊನೆಯವರೆಗೂ ಹೋಗಿ ಅವಳು ಕೈ ತೆಗೆದಳು. ಕತ್ತರಿ ತಲೆ ತಗ್ಗಿಸಿಯೇ ಕೂತಿದ್ದ. ಅವಳು ಹೋದ ಮೇಲೆ ಕಣ್ಣೆತ್ತಿದಾಗ, ಪ್ರತಿ ಹುಡುಗಿಯ ಮುಖದ ಮೇಲೂ ಒಂದೊಂದು ಹನಿ ನಿಂತಿತ್ತು. ಒರೆಸಲು ಕರವಸ್ತ್ರ ತೆಗೆದವನು ಅದನ್ನು ತೊಡೆಯ ಮೇಲೇ ಇಟ್ಟುಕೊಂಡ. ಪರದೆಯ ಹಿಂದಿನ ಬೆಳಕಿನ ಬಿಸಿಗೆ ಹನಿಗಳು ಒಂದೊಂದಾಗಿ ಆರತೊಡಗಿದವು.