ಪ್ರೊಸೆಸರಿನ ಹಣೆ

ಕಂಪ್ಯೂಟರಿನ ಫ್ಯಾನಿನ ರೆಕ್ಕೆಗೆ ಕೆಂಪು ಧೂಳು, ಊದಿದರೆ ಕುಂಕುಮದ ಹಾಗೆ ಹಾರುತ್ತದೆ, ಹಾರಿದ್ದು ರಿಪೇರಿಗೆ ಬಂದ ಹಂಪೇಶನ ಬಾಯೊಳಗೇ ಹೋಯಿತು, ಕಬ್ಬಿಣದ ರುಚಿ, ಸಂಡೂರಿನ ಗುಡ್ಡಗಳಿಗೆಲ್ಲ ಇದೇ ರುಚಿ ಇರಬೇಕು — ಧೂಳಿನದೇ ತಪ್ಪಾಗಿದ್ದರೆ ಎಷ್ಟು ಚೆನ್ನಾಗಿತ್ತು, ಆದರೆ ಮ್ಯಾನೇಜರ್ ಮುರುಗೇಶ್ ಬಾಗಿಲಲ್ಲೇ ಹೇಳಿಬಿಟ್ಟಿದ್ದಾನೆ, ಧೂಳು ಅನ್ನಬ್ಯಾಡ್ರಿ, ಮೊನ್ನೆ ನಾನೇ ನಿಂತು ಊದಿಸೀನಿ, ಆಮ್ಯಾಲೂ ಎರಡು ಸಲ ಬಂದ್ ಆಗೈತಿ, ಮಷೀನು ಕೆಟ್ಟೈತೋ ಮಂದಿ ಕೆಟ್ಟಾರೋ ಅಷ್ಟು ಹೇಳ್ರಿ ಸಾಕು. ಹೊರಗೆ ವೇಬ್ರಿಡ್ಜಿನ ಮುಂದೆ ಅದಿರು ಲಾರಿಗಳ ಸಾಲು, ಹಾರನ್ನಿಗೆ ಕಿವಿ ಹರಿಯುತ್ತದೆ. ಮಂದಿ ಅಂದರೆ ಗೋಡೆಗೆ ಆನಿಕೊಂಡು ನಿಂತಿರುವ ಸುಮಲತಾ, ಕಂಪ್ಲಿ ಕಡೆಯವಳು, ಲಾರಿಗಳ ತೂಕ ಟೈಪ್ ಮಾಡುವವಳು. ಬಿಸಿಲೇರಿದರೆ ಸಾಕು, ಲಾರಿ ತೂಕಕ್ಕೆ ಹತ್ತುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಕಣ್ಣು ಮುಚ್ಚುತ್ತದೆ, ಡ್ರೈವರುಗಳ ಕೂಡ ಸೇರಿ ಈಕೀನೇ ಬಂದ್ ಮಾಡ್ತಾಳ್ರಿ, ತೂಗದ ಲಾರಿ ಹೊರಗ ಬಿಡ್ತಾಳ, ಇದು ಮುರುಗೇಶನ ಮಾತು, ಹಂಪೇಶಣ್ಣ ನಾ ಸ್ವಿಚ್ ಮುಟ್ಟಿಲ್ರಿ, ನಮ್ಮಪ್ಪನ ಆಣಿ, ತನ್ನಷ್ಟಕ್ಕ ತಾನೇ ಬಂದ್ ಆಗ್ತೈತ್ರಿ, ಇದು ಅವಳದು, ಮಷೀನು ಸರಿ ಐತಿ ಎಂದು ಹಂಪೇಶನ ಬಾಯಿಂದ ಬಂದರೆ ಮುಗಿಯಿತು, ಸಂಜೆಯ ಬಸ್ಸಿಗೆ ಅವಳು ಕಳ್ಳಿ ಎಂಬ ಹೆಸರು ಹೊತ್ತು ಊರಿಗೆ ಹೋಗುತ್ತಾಳೆ.

ಕ್ಲಿಪ್ಪು ಸಡಿಲಿಸಿ ಫ್ಯಾನಿನ ಸಮೇತ ಬಿಸಿ ಹೀರುವ ಹೀಟ್‌ಸಿಂಕ್ ಎತ್ತಿದ, ಎತ್ತಿದವನು ಹಾಗೇ ಉಳಿದ. ಪ್ರೊಸೆಸರಿನ ಮೇಲೆ, ಅದರ ಬಿಸಿ ದಾಟಿಸಬೇಕಾದ ಪೇಸ್ಟು ಒಣಗಿದೆ, ಮೂರು ಬೂದುಗೆರೆ, ನಡುವೆ ಬೋಳು ಲೋಹ. ಹೋದ ವರ್ಷದ ಆಯುಧಪೂಜೆಯ ಬೆಳಿಗ್ಗೆ, ಹೊಸಪೇಟೆಯ ತನ್ನ ಅಂಗಡಿ, ಊದಿನಕಡ್ಡಿಯ ಹೊಗೆ, ಇದೇ ಕಂಪ್ಯೂಟರ್ ಜೋಡಿಸುತ್ತಿದ್ದಾನೆ, ಬಾಗಿಲಲ್ಲಿ ಅದನ್ನು ಒಯ್ಯಲು ಕಾದ ಗಣಿಯ ಜೀಪು, ಸಿರಿಂಜಿನಲ್ಲಿ ಪೇಸ್ಟು ಕಡಲೆಯಷ್ಟೂ ಉಳಿದಿಲ್ಲ, ವಿಭೂತಿಯ ತಟ್ಟೆ ಹಿಡಿದು ಅವ್ವ ಸುವರ್ಣಮ್ಮ, ಎಲ್ಲಾ ಮಷೀನಿಗೂ ಹಚ್ಚೋ ತಮ್ಮಾ, ಬಳೀಬ್ಯಾಡ, ತೆಳ್ಳಗ ಮೂರು ಗೆರಿ ಎಳಿ, ನಡುವ ಹಣಿ ಕಾಣಬೇಕು — ಹಣೆಗೆ ಹೋಗುವ ಕೈಯೇ ಪ್ರೊಸೆಸರಿಗೂ ಹೋಯಿತು, ಇದ್ದಷ್ಟನ್ನು ಕಿರುಬೆರಳ ತುದಿಯಿಂದ ಮೂರು ಗೆರೆ ಎಳೆದ, ಇದಕ್ಕೂ ಪೂಜಿ ಆತು ನೋಡವ್ವ, ನಕ್ಕ ಕೂಡ. ಸಂದಿಲ್ಲದಂತೆ ಹರಡಬೇಕು, ಸಂದಿದ್ದರೆ ಗಾಳಿ ಕೂರುತ್ತದೆ, ಗಾಳಿ ಕೂತರೆ ಬಿಸಿ ಮೇಲೇರುವುದಿಲ್ಲ, ಒಳಗೇ ಬೇಯುತ್ತದೆ, ತಾನಾಗಿ ಆರಿಹೋಗುತ್ತದೆ — ಯಾರೂ ಕಲಿಸಿದ್ದಲ್ಲ, ಬಿಚ್ಚಿ, ಸುಟ್ಟು, ತಾನೇ ಕಲಿತದ್ದು, ಅಂಗಡಿಗೆ ಬಂದವರಿಗೆಲ್ಲ ಚಾ ಕುಡಿಸಿ ಹೇಳಿದ್ದು. ಚಳಿಗಾಲವೆಲ್ಲ ನಡೆಯಿತು, ಈಗ ಏಪ್ರಿಲ್, ತಲೆಯ ಮೇಲೆ ತಗಡು.

ಏನಾತ್ರಿ? ಮುರುಗೇಶನ ದನಿ. ನನ್ನ ಕೈಯಿಂದ ತಪ್ಪಾಗೈತ್ರಿ ಅಂದರೆ ಆಯಿತು, ನಾಲ್ಕೇ ಮಾತು, ಅಲ್ಲ ಮೂರೇ, ಹಂಪೇಶ ಕೈ ಇಟ್ಟರೆ ಮುಗೀತು ಅನ್ನುವ ಗಣಿಯವರು ನಾಳೆ ಮಷೀನಿಗೆ ವಿಭೂತಿ ಹಚ್ಯಾನ ನೋಡ್ರಲೇ ಎಂದು ನಗುತ್ತಾರೆ, ನಗಲಿ, ನಗಬಾರದು, ಬಟ್ಟೆ ಕೈಯಲ್ಲೇ ಇದೆ, ಒಮ್ಮೆ ಒರೆಸಿದರೆ ಗೆರೆ ಇಲ್ಲ, ಹೊಸ ಪೇಸ್ಟು ಹಚ್ಚಿದರೆ ನಾಳೆಯಿಂದ ಬಂದ್ ಆಗುವುದೂ ಇಲ್ಲ — ಆಗ ಮುರುಗೇಶ ಏನನ್ನುತ್ತಾನೆ, ನೋಡ್ರಿ, ಆಕಿ ಹೋದ ಮ್ಯಾಲ ಒಂದು ದಿನಾನೂ ನಿಂತಿಲ್ಲ. ಅವನ ರಿಪೇರಿಯೇ ಅವಳ ಮೇಲೆ ಸಾಕ್ಷಿ. ಬಟ್ಟೆ ಹಿಡಿದ ಕೈ ಇಳಿಯುತ್ತದೆ, ನಿಲ್ಲುತ್ತದೆ, ಸುಮಲತಾ ಹತ್ತಿರ ಬಂದಿದ್ದಾಳೆ, ಬಗ್ಗಿ ಪ್ರೊಸೆಸರನ್ನು ನೋಡುತ್ತಾಳೆ, ತಲೆಯೆತ್ತಿ ಅವನ ಹಣೆಯನ್ನು ನೋಡುತ್ತಾಳೆ, ಅಣ್ಣ, ಇದು — ಅಷ್ಟೇ ಅನ್ನುತ್ತಾಳೆ, ಬೆವರು ಇಳಿಯುತ್ತದೆ, ಬೆಳಿಗ್ಗೆ ಹಚ್ಚಿಕೊಂಡ ವಿಭೂತಿ ಕರಗಿ ಕಣ್ಣಿಗೆ ಉರಿ, ಕಣ್ಣು ಮುಚ್ಚಿದ, ಮುಚ್ಚಿದರೂ ಮೂರು ಗೆರೆ, ನಡುವೆ ಬೋಳು, ಮೂರು ಗೆರೆ