ಎರವಲು ಹೋದ ಡ್ರೈವರ್ ಸೀಟು

ನನ್ನ ಗಂಡನಿಗೆ ನಕ್ಷತ್ರದ ಹುಚ್ಚು. ಆಕಾಶದ್ದಲ್ಲ, ಫೋನಿನದ್ದು. ಎದುರಿನ ಲಾಡ್ಜಿಗೆ ಬಂದಿಳಿಯುವ ಪ್ರವಾಸಿಗಳಿಗೆ ಮನೆ ಸಾಮಾನು ಎರವಲು ಕೊಡುವ ಆ್ಯಪ್ ಒಂದಿದೆ. ಹಿಂದಿರುಗಿಸುವಾಗ ಅವರು ನಕ್ಷತ್ರ ಒತ್ತುತ್ತಾರೆ, ಅಷ್ಟೇ. ಅಷ್ಟಕ್ಕೇ ಈ ಮಹಾನುಭಾವ ಛತ್ರಿ ಕೊಟ್ಟ, ಬಕೆಟ್ಟು ಕೊಟ್ಟ, ಇಸ್ತ್ರಿ ಪೆಟ್ಟಿಗೆ ಕೊಟ್ಟ. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ನನ್ನ ಕತ್ತರಿಯನ್ನು ಯಾವನೋ ಮೀಸೆ ಕತ್ತರಿಸಿಕೊಳ್ಳಲು ಒಯ್ದ ದಿನ ಸೂರು ಹಾರಿಹೋಗುವ ಹಾಗೆ ಕೂಗಾಡಿದೆ. "ಐದು ನಕ್ಷತ್ರ ಬಂತು ಕಣೇ" ಅಂದ. ಕತ್ತರಿ ಮೊಂಡಾಗಿತ್ತು.

ಕೊನೆಗೆ ಉಳಿದದ್ದು ಅಪ್ಪನ ಸೀಟು. ಅಪ್ಪ ಬಸ್ ಡ್ರೈವರ್ ಆಗಿದ್ದವರು. ಅವರ ಬಸ್ಸು ಗುಜರಿಗೆ ಹೋದಾಗ ಡ್ರೈವರ್ ಸೀಟನ್ನು ಬಿಚ್ಚಿಸಿಕೊಂಡು ಬಂದು ಮರದ ಕಾಲು ಹೊಡೆಸಿದ್ದರು. ಅಮ್ಮ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದರು, ಸೀಟನ್ನು ಕಿಟಕಿಗೆ ಮುಖಮಾಡಿ ಹಾಕಿಸಿದರು, ನಮಗೆ ಬೆನ್ನು ಕೊಟ್ಟು ಕೂತರು. ಊಟಕ್ಕೆ ಕರೆದರೆ ಹೂಂ. ಕಾಲು ನೋವಾ ಅಂದರೆ ಹೂಂ. ಮೆಷಿನ್ನು ತುಳಿಯುತ್ತ ಆ ಬೆನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಒಂದೇ ಒಂದು ಸಲ ನನ್ನ ಹತ್ತಿರ ಮಾತಾಡಲಿ ಅಂತ ಹಂಬಲಿಸುತ್ತಿದ್ದೆ. ಸಿಟ್ಟೂ ಬರುತ್ತಿತ್ತು. ಅಮ್ಮ ಏನು ಅವರೊಬ್ಬರಿಗೇ ಸತ್ತಿದ್ದಳೇ?

ಆ ಸೀಟನ್ನೂ ನನ್ನ ಗಂಡ ಆ್ಯಪಿಗೆ ಹಾಕಿದ. "ಮಾವ, ಫೋಟೋ ತೆಗೀಬೇಕು, ಒಂಚೂರು ಏಳ್ತೀರಾ?" ಅಂದ. ಅಪ್ಪ ಹೂಂ ಅಂದರು, ಏಳಲಿಲ್ಲ. ಅಪ್ಪ ಸಮೇತ ಫೋಟೋ ಹೋಯಿತು.

ಮಾರನೆಯ ದಿನವೇ ಬೆನ್ನು ನೋವಿನ ಪ್ರವಾಸಿಯೊಬ್ಬ ಫೋನು ಹಿಡಿದುಕೊಂಡು ಬಾಗಿಲಿಗೆ ಬಂದ. "ಫೋಟೋದಲ್ಲಿ ಇರೋ ಹಾಗೇ ಕೊಡ್ಬೇಕಲ್ವಾ? ಇವರು ಇದ್ದಾರಲ್ಲ ಇದರಲ್ಲಿ."

"ಅದು ನಮ್ಮಪ್ಪ ರೀ!" ಅಂದೆ.

ಗಂಡ ಆಗಲೇ ಫೋನಿನಲ್ಲಿ ನಿಯಮ ಓದುತ್ತಿದ್ದ. "ಚಿತ್ರದಲ್ಲಿ ಇರೋದನ್ನ ಬಿಚ್ಚಿ ಕೊಡೋ ಹಾಗಿಲ್ವಂತೆ ಕಣೇ. ನಕ್ಷತ್ರ ಹೋಗುತ್ತೆ."

ಅಪ್ಪನಾದರೂ ಬೈಯಬಹುದು ಅಂದುಕೊಂಡೆ. ಲಾಡ್ಜಿನ ಇಬ್ಬರು ಆಳುಗಳು ಸೀಟು ಎತ್ತಿದರು, ಅಪ್ಪ ಎರಡೂ ಕೈ ಮುಂದೆ ಚಾಚಿ ಇಲ್ಲದ ಸ್ಟೀರಿಂಗ್ ಹಿಡಿದುಕೊಂಡರು. ರಸ್ತೆ ದಾಟುವಾಗ ಲಾರಿಯೊಂದಕ್ಕೆ ಕೈ ತೋರಿಸಿ ನಿಲ್ಲಿಸಿದರು. "ಎಡಕ್ಕೆ ತಗೊಳ್ರೋ, ಎಡಕ್ಕೆ!" ಅಂತ ಆಳುಗಳನ್ನು ಗದರಿದರು. ಅಮ್ಮ ಹೋದ ಮೇಲೆ ಅವರ ಬಾಯಿಂದ ನಾನು ಕೇಳಿದ ಮೊದಲ ಪೂರಾ ಮಾತು ಅದು.

ಬೆನ್ನು ನೋವಿನವನ ಅಭಿಪ್ರಾಯ ಬಂತು: "ಸೀಟು ಕಿರುಗುಟ್ಟುತ್ತದೆ. ಅಪ್ಪ ಬಹಳ ಚೆನ್ನಾಗಿದ್ದಾರೆ." ಆಮೇಲೆ ಅಪ್ಪ ಮನೆಗೇ ಬರಲಿಲ್ಲ. ಒಂದು ರೂಮಿನಿಂದ ಇನ್ನೊಂದು ರೂಮಿಗೆ ಎರವಲು ಹೋಗುತ್ತಲೇ ಇದ್ದರು. "ನಮ್ಮೂರ ದಾರಿ ಕೇಳಿ ತಿಳಿದುಕೊಂಡು ಕೂತಲ್ಲಿಂದಲೇ ಓಡಿಸಿದರು, ಗುಂಡಿ ಬಂದಲ್ಲಿ ನಿಧಾನ ಮಾಡಿದರು" ಅಂತ ಒಬ್ಬರು ಬರೆದರು. ನಾನು ಕಳಿಸಿದ ಊಟದ ಡಬ್ಬಿ ತೊಳೆದು ವಾಪಸು ಬರುತ್ತಿತ್ತು, ಒಂದು ಮಾತೂ ಅದರ ಜತೆ ಬರುತ್ತಿರಲಿಲ್ಲ. ಇನ್ನೊಂದು ದಂಪತಿ ಬರೆದದ್ದು ಓದಿ ನನ್ನ ಕಾಲು ಮೆಷಿನ್ನಿನ ಮೇಲೇ ನಿಂತುಬಿಟ್ಟಿತು. "ಹೆಂಡತಿಯನ್ನು ನೆನೆದು ಅತ್ತರು. ನಾವೂ ಅತ್ತೆವು. ಐದು ನಕ್ಷತ್ರ."

ನನ್ನ ಅಮ್ಮನಿಗಾಗಿ ಅಳಲು ಯಾರೋ ದಾರಿಹೋಕರು ಬೇಕಾದರೇ ಇವರಿಗೆ?

"ಸಾಕು, ಕರ್ಕೊಂಡು ಬನ್ನಿ" ಅಂದೆ.

"ಆಗಲ್ಲ ಕಣೇ, ಮುಂದಕ್ಕೂ ಬುಕ್ ಆಗಿದ್ದಾರೆ. ಯಾರೋ ರದ್ದು ಮಾಡಿರೋದ್ರಿಂದ ಇವತ್ತು ಮಧ್ಯಾಹ್ನ ಒಂದು ಖಾಲಿ ಇದೆ. ಆದ್ರೆ ಪ್ರವಾಸಿಗಳಿಗೆ ಮಾತ್ರ. ನಮ್ಮ ಸಾಮಾನನ್ನ ನಾವೇ ತಗೊಳ್ಳೋ ಹಾಗಿಲ್ಲ."

"ಹಾಗಾದ್ರೆ ನಾನೇ ಪ್ರವಾಸಿ" ಅಂದೆ. ಸೂಟ್‌ಕೇಸು ಎರವಲು ಹೋಗಿತ್ತು. ದಿಂಬಿನ ಚೀಲದಲ್ಲಿ ಒಂದು ಸೀರೆ, ಬಾಚಣಿಗೆ ತುರುಕಿಕೊಂಡು ಹೊರಟೆ. ಗಂಡ ಬಾಗಿಲಲ್ಲಿ ನಿಂತು, ತಮಾಷೆಗಲ್ಲ, ನಿಜವಾಗಿಯೂ, "ತಲುಪಿದ ಮೇಲೆ ಫೋನ್ ಮಾಡು" ಅಂದ. ರಸ್ತೆ ದಾಟಿದೆ. ಲಾಡ್ಜಿನಲ್ಲಿ ರೂಮು ಹಿಡಿದೆ. ಆಳುಗಳು ಅಪ್ಪನನ್ನು ತಂದು ಕಿಟಕಿಗೆ ಮುಖಮಾಡಿ ಇಟ್ಟು ಹೋದರು.

ಬಾಯಿತುಂಬ ಬೈಯಬೇಕು ಅಂತಲೇ ಬಂದಿದ್ದೆ. ಅವರ ಹೆಗಲ ಮೇಲಿಂದ ಕಿಟಕಿಯಾಚೆ ಕಣ್ಣು ಹೋಯಿತು. ಅಲ್ಲಿ ಕಾಣುತ್ತಿದ್ದದ್ದು ನಮ್ಮ ಮನೆ. ನನ್ನ ಮೆಷಿನ್ನು, ನಾನು ಕೂರುವ ಸ್ಟೂಲು, ಅರ್ಧ ಹೊಲಿದ ರವಿಕೆ ಎಲ್ಲ ಅಂಗೈ ಮೇಲಿಟ್ಟಷ್ಟು ಸ್ಪಷ್ಟ. ಈ ಸಾಲಿನ ರೂಮುಗಳ ಕಿಟಕಿಗಳೆಲ್ಲ ಆ ಕಡೆಗೇ ಇದ್ದವು. ಬೈಯುವುದು ಮರೆತೇಹೋಯಿತು. ಸುಮ್ಮನೆ ಅವರ ಹಿಂದಿನ ಮಂಚದ ಮೇಲೆ ಕೂತೆ, ದಿಂಬಿನ ಚೀಲ ತೊಡೆಯ ಮೇಲೆ ಇಟ್ಟುಕೊಂಡು.

"ಎಲ್ಲಿಗಮ್ಮಾ ಹೋಗ್ಬೇಕು?" ತಿರುಗದೆಯೇ ಕೇಳಿದರು.

"ಮನೆಗೆ" ಅಂದೆ.

ಆಮೇಲೆ ಅಪ್ಪ ಬಲಗೈ ಮೇಲೆತ್ತಿ, ಹಣೆಗಿಂತ ಎತ್ತರದಲ್ಲಿ, ಹಿಂದೆ ಕೂತವರನ್ನು ನೋಡುವ ಕನ್ನಡಿಯನ್ನು ನನ್ನ ಕಡೆಗೆ ತಿರುಗಿಸಿದರು. ಅಲ್ಲಿ ಕನ್ನಡಿ ಇರಲಿಲ್ಲ. ಆದರೂ ನಾನು ಸೆರಗು ಸರಿಮಾಡಿಕೊಂಡೆ, ಕಣ್ಣೊರೆಸಿಕೊಂಡೆ.

"ಸೊರಗಿಬಿಟ್ಟಿದೀಯಲ್ಲೇ" ಅಂದರು. ಗೇರು ಬದಲಿಸಿದರು. "ಒಂದು ನಿದ್ದೆ ಮಾಡು. ಮನೆ ಬಂದಾಗ ಎಬ್ಬಿಸ್ತೀನಿ."